ಮರುಪರಿಶೀಲನೆ ಅಂದ್ರೆ ಆ ತಾಯಿಗೆ ಅರ್ಥ ಆಗಿದ್ದೇ ಬೇರೆ

ನಾನು ದತ್ತು ಕೇಂದ್ರದಲ್ಲಿ ಸೋಷಿಯಲ್ ವರ್ಕರ್. ಮಗುನ ಸಾಕೋಕಾಗಲ್ಲ ಅಂತ ಬರೋ ತಾಯಂದಿರಿಗೆ ಕೌನ್ಸೆಲಿಂಗ್ ಮಾಡೋದು, ಮಕ್ಕಳ ಕಲ್ಯಾಣ ಸಮಿತಿ ಮುಂದೆ ಸರೆಂಡರ್ ಡೀಡ್‌ಗೆ, ಅಂದ್ರೆ ಮಗುನ ಒಪ್ಪಿಸಿಕೊಡೋ ಪತ್ರಕ್ಕೆ, ಸೈನ್ ಹಾಕುವಾಗ ಜೊತೆಗಿರೋದು ನನ್ನ ಕೆಲಸ. 2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ ಸೈನ್ ಹಾಕಿದ್ಮೇಲೂ ಮನಸ್ಸು ಬದಲಾಯಿಸೋಕೆ 2 ತಿಂಗಳು ಟೈಮ್ ಇರತ್ತೆ. ಅದು ಮುಗಿದು ಸಮಿತಿ ಮಗುನ ದತ್ತುಗೆ ಮುಕ್ತ ಅಂತ ಘೋಷಿಸಿ, ದತ್ತು ಆದೇಶವೂ ಆಯ್ತು ಅಂದ್ರೆ ಹೆತ್ತವರ ಹಕ್ಕು ಅಲ್ಲಿಗೆ ಮುಗೀತು.

ಒಬ್ಬ ತಾಯಿಗೆ ನಾನು ಇದನ್ನ "2 ತಿಂಗಳು ಮರುಪರಿಶೀಲನೆ ಅವಧಿ" ಅಂತಷ್ಟೇ ಹೇಳಿದ್ದೆ. ಅವಧಿ ಮುಗಿಯೋಕೆ 6 ದಿನ ಇದೆ ಅನ್ನುವಾಗ ಆಕೆ ಕೈಯಲ್ಲೇ ಹೆಣೆದ ಒಂದು ಹಳದಿ ಟೋಪಿ ತಗೊಂಡು ಬಾಗಿಲ ಹೊರಗೆ ನಿಂತಿದ್ರು, ಒಳಗೆ ಬನ್ನಿ ಅಂದ್ರೂ ಬರ್ಲಿಲ್ಲ, "ಇದನ್ನ ಪಾಪುಗೆ ಹಾಕ್ಬಿಡಿ ಮೇಡಂ" ಅಂದ್ರು ಅಷ್ಟೇ. ವಾಪಸ್ ಕರ್ಕೊಂಡು ಹೋಗ್ಬೇಕು ಅನ್ಸತ್ತಾ ಅಂತ ಕೇಳ್ದೆ. "ನೀವೇ ಹೇಳಿದ್ರಲ್ಲ ಮರುಪರಿಶೀಲನೆ ಮಾಡ್ತಾರೆ ಅಂತ, ಆಫೀಸರು ಏನಂತಾರೋ ಅಂತ ದಿನಾ ಕಾಯ್ತಿದೀನಿ" ಅಂದ್ರು.

ನನ್ನ ಎದೆ ಧಸಕ್ ಅಂತು. ಯೋಚನೆ ಮಾಡಬೇಕಾದವರು ತಾವೇ ಅಂತ ಆಕೆಗೆ ಗೊತ್ತೇ ಇರ್ಲಿಲ್ಲ, ತಪ್ಪು ಪೂರ್ತಿ ನನ್ನದು.

ಅವತ್ತೇ ಮಗು ವಾಪಸ್ ಬೇಕು ಅಂತ ಆಕೆ ಮಾತಲ್ಲೇ ಅರ್ಜಿ ಬರೆಸಿ ಸಮಿತಿಗೆ ಕೊಟ್ವಿ. ಸಮಿತಿಯವರು ಮನೆಗೆ ಹೋಗಿ ವರದಿ ಕೊಡಿ ಅಂದ್ರು. ಆಕೆ ಕೆಲಸಕ್ಕೆ ಹೋದಾಗ ಮಗುನ ಯಾರು ನೋಡ್ಕೋತಾರೆ ಅನ್ನೋದೇ ದೊಡ್ಡ ಪ್ರಶ್ನೆ ಆಗಿತ್ತು, ಆಕೆಯ ಅಕ್ಕ ಮುಂದೆ ಬಂದು ನಾನಿದೀನಿ ಅಂದ್ರು. ದುಡ್ಡಿನ ಕಷ್ಟ ಒಂದೇ ಕಾರಣ ಆದ್ರೆ ಮಿಷನ್ ವಾತ್ಸಲ್ಯ ಅನ್ನೋ ಸರ್ಕಾರಿ ಮಕ್ಕಳ ಯೋಜನೆಯ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4000 ರೂಪಾಯಿಗೆ ಅರ್ಜಿ ಹಾಕ್ಬಹುದು, ಇದನ್ನ ಸೈನ್‌ಗೆ ಮುಂಚೆನೇ ಹೇಳ್ಬೇಕಿತ್ತು ನಾನು. ಕೊನೆಗೆ ಮಗು ಟೋಪಿ ಹಾಕ್ಕೊಂಡೇ ಮನೆಗೆ ಹೋಯ್ತು.

ಈಗ ನಾನು ಆ ಪದನೇ ಬಳಸಲ್ಲ. "ಮನಸ್ಸು ಬದಲಾದ್ರೆ ಈ ತಾರೀಖಿನೊಳಗೆ ನೀವೇ ಬಂದು ಕೇಳ್ಬೇಕು" ಅಂತ ಹೇಳಿ ತಾರೀಖನ್ನ ದಪ್ಪಕ್ಷರದಲ್ಲಿ ಬರೆದು ಕೊಡ್ತೀನಿ, ಏನು ಅರ್ಥ ಆಯ್ತು ಅಂತ ಅವರ ಬಾಯಲ್ಲೇ ಹೇಳಿಸ್ತೀನಿ. ಮಧ್ಯದಲ್ಲಿ ಒಂದ್ಸಲ ಫೋನೂ ಮಾಡ್ತೀನಿ, ಅದೂ ಅವರು ಹೇಳಿದ ನಂಬರಿಗೆ, ಹೇಳಿದ ಹೊತ್ತಿಗೆ ಮಾತ್ರ, ಯಾಕಂದ್ರೆ ಎಷ್ಟೋ ಮನೆಗಳಲ್ಲಿ ಮಗು ಹುಟ್ಟಿದ ವಿಷಯನೇ ಯಾರಿಗೂ ಗೊತ್ತಿರಲ್ಲ.