ರೇಡಿಯೋ ಅಲೆಯಿಂದ ಕರೆಂಟ್: ಮೂರನೇ ವಾರ

ರೇಡಿಯೋ ಅಲೆಯಿಂದ ಕರೆಂಟ್ ಹುಟ್ಟಿಸುವುದನ್ನು ಲೆಕ್ಕ ಹಾಕುವ ನನ್ನ ಕೋಡ್‌ನಲ್ಲಿ ಈ ವಾರ ಕೊನೆಗೂ ಕರೆಂಟ್ ಹರಿಯಿತು. ಅದಕ್ಕೂ ಮುಂಚೆ, ಅಲೆ ಆಫ್ ಇದ್ದಾಗಲೂ ಹರಿದಿತ್ತು! ಆ ಕತೆ ಆಮೇಲೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಟೋಕಮಾಕ್ ಅಂದರೆ ಪ್ಲಾಸ್ಮಾವನ್ನು (ಎಲೆಕ್ಟ್ರಾನ್‌ಗಳು ಬಿಡಿಯಾದ ಬಿಸಿ ಅನಿಲ) ಕಾಂತಕ್ಷೇತ್ರದಿಂದ ಹಿಡಿದಿಡುವ ಉಂಗುರದಾಕಾರದ ಯಂತ್ರ. ಅದರಲ್ಲಿ ಪ್ಲಾಸ್ಮಾವನ್ನು ಹಿಡಿದಿಡಲು ಅದರೊಳಗೇ ಕರೆಂಟ್ ಹರಿಯಬೇಕು. ಸಾಮಾನ್ಯವಾಗಿ ನಡುವಿನ ಕಾಯಿಲ್ ಟ್ರಾನ್ಸ್‌ಫಾರ್ಮರ್ ತರಹ ಕೆಲಸ ಮಾಡಿ ಇದನ್ನು ಹುಟ್ಟಿಸುತ್ತದೆ. ಕಾಯಿಲ್‌ನ ಕರೆಂಟನ್ನು ಏರಿಸುತ್ತಲೇ ಹೋಗೋಕೆ ಆಗಲ್ಲ, ಹಾಗಾಗಿ ಅದು ಸ್ವಲ್ಪ ಹೊತ್ತಿನ ಆಟ. ಲೋವರ್ ಹೈಬ್ರಿಡ್ ಎಂಬ ಬಗೆಯ ರೇಡಿಯೋ ಅಲೆಯಿಂದ ಎಲೆಕ್ಟ್ರಾನ್‌ಗಳನ್ನು ಒಂದೇ ಕಡೆಗೆ ತಳ್ಳಿ ಕರೆಂಟ್ ನಡೆಸಬಹುದು ಎಂದು ಭೌತವಿಜ್ಞಾನಿ ನಥಾನಿಯಲ್ ಫಿಶ್ 1978ರಲ್ಲಿ ತೋರಿಸಿದರು. ಜಪಾನಿನ ಟ್ರಯಾಮ್-1ಎಂ ಯಂತ್ರ ಇದೇ ದಾರಿಯಲ್ಲಿ 5 ಗಂಟೆಗೂ ಜಾಸ್ತಿ ಹೊತ್ತು ಪ್ಲಾಸ್ಮಾ ಉಳಿಸಿಕೊಂಡಿತ್ತು.

ನನ್ನದು ಪುಟ್ಟ ಮಾದರಿ. ಕಾಂತಕ್ಷೇತ್ರದ ಗೆರೆಯುದ್ದಕ್ಕೂ ಇರುವ ವೇಗ ಮಾತ್ರ ಲೆಕ್ಕಕ್ಕೆ. ಉಷ್ಣವೇಗವನ್ನು (ಬಿಸಿಯಿಂದ ಎಲೆಕ್ಟ್ರಾನ್‌ಗಳಿಗೆ ಬರುವ ಸಾಮಾನ್ಯ ವೇಗ) 1 ಎಂದಿಟ್ಟುಕೊಂಡು ವೇಗಗಳ ಗ್ರಿಡ್ -10ರಿಂದ +10ರವರೆಗೆ, ಒಟ್ಟು 400 ಮನೆ. ಡಿಕ್ಕಿಗಳು ಎಲೆಕ್ಟ್ರಾನ್‌ಗಳನ್ನು ನಿಧಾನ ಮಾಡುತ್ತವೆ, ಚದುರಿಸುತ್ತವೆ. 3ರಿಂದ 5ರ ನಡುವೆ ಓಡುವವನ್ನು ಅಲೆ ಕದಡುತ್ತದೆ. ಅಷ್ಟೇ.

ಈಗ ಆ ಕತೆ. ಅಲೆ ಆಫ್ ಮಾಡಿ ಓಡಿಸಿದೆ. ಕರೆಂಟ್ ಸೊನ್ನೆ ಇರಬೇಕು, ಅಲ್ವಾ? ಇರಲಿಲ್ಲ. ಹೆಜ್ಜೆ ಹೆಜ್ಜೆಗೂ ಬೆಳೆಯುತ್ತಿತ್ತು, ಅದೂ ಉಲ್ಟಾ ದಿಕ್ಕಿಗೆ. ಎರಡು ಸಂಜೆ ಟೈಮ್ ಸ್ಟೆಪ್ ಚಿಕ್ಕದು ಮಾಡುತ್ತಾ ಕೂತೆ. ಸುಮ್ನೆ ದಂಡ. ಆಮೇಲೆ ಯಾವ ವೇಗದಲ್ಲಿ ಎಷ್ಟು ಎಲೆಕ್ಟ್ರಾನ್ ಎಂಬ ಗ್ರಾಫ್ ಬಿಡಿಸಿ ನೋಡಿದರೆ ಎಡತುದಿಯಲ್ಲಿ, -10ರ ಹತ್ತಿರ, ಎಲೆಕ್ಟ್ರಾನ್‌ಗಳ ಒಂದು ಗುಡ್ಡೆ! ಆಗ ಹೊಳೆಯಿತು. ಸಮೀಕರಣದಲ್ಲಿ ಎಲೆಕ್ಟ್ರಾನ್‌ಗಳನ್ನು ನಿಧಾನ ಮಾಡುವ ಭಾಗವನ್ನು ನಾನು 'ಒಂದು ಭಾಗಿಸು ವೇಗದ ವರ್ಗ' ಎಂದು ಬರೆದಿದ್ದೆ. ವರ್ಗ ಮಾಡಿದರೆ ಮೈನಸ್ ಮಾಯ. ಎಡಕ್ಕೆ ಓಡುವವನ್ನು ತಡೆಯುವ ಬದಲು ನನ್ನ ಕೋಡ್ ಇನ್ನೂ ಎಡಕ್ಕೇ ದಬ್ಬುತ್ತಿತ್ತು. ವೇಗದ ಚಿಹ್ನೆಯಿಂದ ಗುಣಿಸಿದೆ, ಸರಿಹೋಯಿತು. ಸೊನ್ನೆಯ ಹತ್ತಿರ ಆ ಭಾಗಾಕಾರ ಸಿಡಿಯುತ್ತದೆ, ಹಾಗಾಗಿ ವೇಗ 1ಕ್ಕಿಂತ ಕಡಿಮೆ ಇದ್ದಲ್ಲಿ ಡಿಕ್ಕಿಯ ಪ್ರಮಾಣಕ್ಕೆ ಒಂದು ಮಿತಿ ಹಾಕಿದ್ದೇನೆ.

ಅಲೆ ಆನ್ ಮಾಡಿದೆ. ಗ್ರಾಫ್‌ನಲ್ಲಿ 3ರಿಂದ 5ರವರೆಗೆ ಇಳಿಜಾರು ಹೋಗಿ ಹೆಚ್ಚುಕಡಿಮೆ ಮಟ್ಟಸ ಜಾಗ ಬಂತು. ನನ್ನ ಮಾದರಿಯ ಅಳತೆಯಲ್ಲಿ ಕರೆಂಟ್ 0.032. ಅಲೆಯ ಬಲ 10 ಪಟ್ಟು ಮಾಡಿದರೆ ಬರೀ 0.035! ಮೊದಲು ಬೇಜಾರಾಯಿತು, ಆಮೇಲೆ ಖುಷಿಯಾಯಿತು. ಒಮ್ಮೆ ಜಾಗ ಮಟ್ಟಸ ಆದಮೇಲೆ ಇನ್ನಷ್ಟು ಕದಡಿದರೂ ಉಪಯೋಗವಿಲ್ಲ. ಕಾಗದದ ಮೇಲಿನ ಲೆಕ್ಕವೂ ಗರಿಷ್ಠ 0.035 ಎಂದೇ ಹೇಳುತ್ತದೆ.

ನನಗೆ ಅತಿ ಇಷ್ಟವಾದದ್ದು ಮುಂದಿನ ಪ್ರಯೋಗ. ವೇಗ ಇಮ್ಮಡಿಯಾದರೆ ಡಿಕ್ಕಿ 8ನೇ ಒಂದು ಭಾಗಕ್ಕೆ ಇಳಿಯುತ್ತದೆ. ತಳ್ಳೋಕೆ ಇಮ್ಮಡಿ ಶಕ್ತಿ ಬೇಕು, ಆದರೆ ತಳ್ಳಿದ್ದು 8 ಪಟ್ಟು ಹೊತ್ತು ಉಳಿಯುತ್ತದೆ. ಹಾಗಾದರೆ ವೇಗದವನ್ನೇ ತಳ್ಳೋಣ ಎಂದು ಅಲೆಯನ್ನು 4ರಿಂದ 5ಕ್ಕೆ ಇಟ್ಟೆ. ಒಂದು ಯೂನಿಟ್ ಪವರ್‌ಗೆ ಸಿಗುವ ಕರೆಂಟ್ ಸುಮಾರು 29% ಏರಿತು. ಒಟ್ಟು ಕರೆಂಟ್ ಮಾತ್ರ ಸುಮಾರು 59ನೇ ಒಂದು ಭಾಗಕ್ಕೆ ಬಿತ್ತು! 4ರಲ್ಲಿ ಓಡುವ ಎಲೆಕ್ಟ್ರಾನ್‌ಗಳೇ ಬೆರಳೆಣಿಕೆ. ತಳ್ಳೋಣ ಅಂದರೆ ಯಾರನ್ನು?

5 ಕಿಲೋ ಎಲೆಕ್ಟ್ರಾನ್ ವೋಲ್ಟ್ ಉಷ್ಣತೆಯ ಪ್ಲಾಸ್ಮಾದಲ್ಲಿ ನನ್ನ '5' ಎಂದರೆ ಬೆಳಕಿನ ವೇಗದ ಅರ್ಧದಷ್ಟು. ಸಾಪೇಕ್ಷತೆಯನ್ನು ಬಿಟ್ಟು ಇಲ್ಲಿ ಜಾಸ್ತಿ ದಿನ ನಡೆಯಲ್ಲ. ಆದರೂ ಮೊದಲು ಅಡ್ಡ ದಿಕ್ಕಿನ ವೇಗವನ್ನು ಸೇರಿಸುತ್ತೇನೆ. 400 ಮನೆಯ ಗ್ರಿಡ್ 400 ಸಲ 200 ಆಗುತ್ತದೆ. ಈಗಿನ ಲೂಪ್‌ಗಳನ್ನು ಹೀಗೇ ಬಿಟ್ಟರೆ ಲ್ಯಾಪ್‌ಟಾಪ್ ರಾತ್ರಿಯಿಡೀ ಗೊರಗುಟ್ಟುವುದು ಗ್ಯಾರಂಟಿ.