ಪವರ್ ಫ್ಯಾಕ್ಟರ್ 0.72ರಿಂದ 0.95ಕ್ಕೆ: ನಮ್ಮ ಮಷಿನ್ ಶಾಪಿನ ಕೆಲಸದ ದಾಖಲೆ

ಮೊದಲ ವಾರ. ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಮಷಿನ್ ಶಾಪಿನ ಮುಖ್ಯ ಪ್ಯಾನೆಲ್ಲಿನಲ್ಲಿ ಎಂಟು ದಿನ ರೀಡಿಂಗ್ ಬರೆದುಕೊಂಡೆ. ಹಗಲು ಪಾಳಿಯಲ್ಲಿ ಲೋಡ್ ಸುಮಾರು 70 ಕಿಲೋವ್ಯಾಟ್, ವೋಲ್ಟೇಜ್ 415, ಕರೆಂಟ್ 135 ಆಂಪಿಯರ್, ಪವರ್ ಫ್ಯಾಕ್ಟರ್ (ಕೆಲಸಕ್ಕೆ ಬರುವ ಕಿಲೋವ್ಯಾಟ್ ಮತ್ತು ಎಳೆಯುವ ಒಟ್ಟು ಪವರಾದ ಕೆವಿಎ, ಇವೆರಡರ ಅನುಪಾತ) 0.72. ಅಂದರೆ 70 ಕಿಲೋವ್ಯಾಟ್ ಕೆಲಸಕ್ಕೆ ನಾವು 97 ಕೆವಿಎ ಎಳೆಯುತ್ತಿದ್ದೆವು. ನಮ್ಮ ಎಚ್‌ಟಿ (ಹೈ ಟೆನ್ಷನ್) ಬಿಲ್ಲಿನ ಡಿಮ್ಯಾಂಡ್ ಶುಲ್ಕ ಬೀಳುವುದು ಈ ಕೆವಿಎ ಮೇಲೆಯೇ.

ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ಹಳೆಯ ಲೇತೊಂದರ 7.5 ಎಚ್‌ಪಿ ಮೋಟರಿನ ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕಿದಾಗ, ಜಾಬ್ ಬಿಚ್ಚಿ ಚಕ್ ಬರಿದೇ ತಿರುಗುತ್ತಿದ್ದರೂ 4.5 ಆಂಪಿಯರ್ ತೋರಿಸಿತು. ಇಂಡಕ್ಷನ್ ಮೋಟರಿಗೆ ಕಾಂತಕ್ಷೇತ್ರ ಕಟ್ಟಿಕೊಳ್ಳಲು ಬೇಕಾದ ಕರೆಂಟ್ ಲೋಡ್ ಇಳಿದರೂ ಹೆಚ್ಚೇನೂ ಇಳಿಯುವುದಿಲ್ಲವಾದ್ದರಿಂದ, ಅರೆ ಲೋಡಿನಲ್ಲಿ ಓಡುವ ಮೋಟರುಗಳು ಹೆಚ್ಚಿದಷ್ಟೂ ಪವರ್ ಫ್ಯಾಕ್ಟರ್ ಕುಸಿಯುತ್ತದೆ.

ಮೂರನೇ ವಾರ. ಕಾಂತಕ್ಷೇತ್ರಕ್ಕೆ ಬೇಕಾದ ಆ ಕರೆಂಟನ್ನು ಪಕ್ಕದಲ್ಲೇ ಕೆಪಾಸಿಟರುಗಳಿಂದ ಕೊಟ್ಟರೆ ಸಪ್ಲೈಯಿಂದ ಎಳೆಯುವುದು ಇಳಿಯುತ್ತದೆ. 0.95ಕ್ಕೆ ಏರಿಸಲು ಬೇಕಾದ ಕೆವಿಎಆರ್ (ಕೆಪಾಸಿಟರ್ ಹೀಗೆ ಕೊಡುವುದರ ಅಳತೆ) ಲೆಕ್ಕ ಸುಲಭ: ವೋಲ್ಟೇಜ್ ಮತ್ತು ಕರೆಂಟಿನ ನಡುವಿನ ಈಗಿನ ಕೋನದ ಟ್ಯಾನ್ 0.964, ಬೇಕಾದ ಕೋನದ್ದು 0.329, ವ್ಯತ್ಯಾಸವನ್ನು 70ರಿಂದ ಗುಣಿಸಿದರೆ 44.5. ಕೆಪಾಸಿಟರಿನ ಕೆವಿಎಆರ್ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ 440 ವೋಲ್ಟ್ ರೇಟಿಂಗಿನ 50 ಕೆವಿಎಆರ್ 415ರಲ್ಲಿ ಸರಿಯಾಗಿ ಅಷ್ಟನ್ನೇ ಕೊಡುತ್ತದೆ. ಹಾಗಾಗಿ 20, 20 ಮತ್ತು 10ರ ಮೂರು ಸ್ಟೆಪ್ಪುಗಳ ಎಪಿಎಫ್‌ಸಿ ಪ್ಯಾನೆಲ್ (ಬೇಕಾದಷ್ಟು ಕೆಪಾಸಿಟರುಗಳನ್ನು ತಾನಾಗಿಯೇ ಸೇರಿಸಿ ತೆಗೆಯುವಂಥದ್ದು) ಕೂರಿಸಿದೆವು.

ಐದನೇ ವಾರ. ಇಲ್ಲಿ ನಾನು ಎಡವಿದೆ. ಮೂರೂ ಸ್ಟೆಪ್ ಒಳಬಂದು ಕಂಪ್ರೆಸರಿನ ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಡ್ರೈವ್) ಓಡುತ್ತಿರುವಾಗ ಮಾತ್ರ ಕೆಪಾಸಿಟರುಗಳಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು. ನಾಲ್ಕನೇ ದಿನ ಒಂದು ಫ್ಯೂಸ್ ಹೋಯಿತು. ಸಪ್ಲೈ ತೆಗೆದು, ಟರ್ಮಿನಲ್ಲುಗಳಲ್ಲಿ ಚಾರ್ಜ್ ಉಳಿದಿಲ್ಲವೆಂದು ಮೀಟರಿನಿಂದ ಖಚಿತಪಡಿಸಿಕೊಂಡು ಬಿಚ್ಚಿ ನೋಡಿದರೆ, ಒಂದು ಕೆಪಾಸಿಟರಿನ ಮುಚ್ಚಳ ಉಬ್ಬಿತ್ತು. ನಮ್ಮ 250 ಕೆವಿಎ ಟ್ರಾನ್ಸ್‌ಫಾರ್ಮರಿನ ಇಂಪೀಡೆನ್ಸ್ 4.5 ಶೇಕಡಾ, ಅದರ ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯ ಸುಮಾರು 5,556 ಕೆವಿಎ. ಅದನ್ನು 44.5ರಿಂದ ಭಾಗಿಸಿ ವರ್ಗಮೂಲ ತೆಗೆದರೆ 11.2. ಆರು ಪಲ್ಸಿನ ವಿಎಫ್‌ಡಿ 5, 7, 11, 13ನೇ ಹಾರ್ಮೋನಿಕ್ಕುಗಳನ್ನು (ಸಪ್ಲೈಯ 50 ಹರ್ಟ್ಸ್‌ನ ಅಷ್ಟು ಪಟ್ಟಿನ ಆವರ್ತನದ ಕರೆಂಟುಗಳನ್ನು) ಹುಟ್ಟಿಸುತ್ತದೆ. ಟ್ರಾನ್ಸ್‌ಫಾರ್ಮರ್ ಮತ್ತು ಕೆಪಾಸಿಟರುಗಳ ಅನುರಣನವನ್ನು (ಅವುಗಳ ನಡುವೆ ಹಾರ್ಮೋನಿಕ್ ಕರೆಂಟ್ ಹಿಗ್ಗುವ ಜಾಗವನ್ನು) ನಾನೇ 11ನೆಯದರ ಪಕ್ಕಕ್ಕೆ ತಂದಿಟ್ಟಿದ್ದೆ. ಕೆವಿಎಆರ್ ಜೊತೆಗೇ ಈ ಲೆಕ್ಕವನ್ನೂ ಹಾಕಿದ್ದರೆ ಆ ಕೆಪಾಸಿಟರ್ ಉಳಿಯುತ್ತಿತ್ತು.

ಎಂಟನೇ ವಾರ. ಪ್ರತಿ ಸ್ಟೆಪ್ಪಿಗೂ 7 ಶೇಕಡಾ ಡಿಟ್ಯೂನ್ಡ್ ರಿಯಾಕ್ಟರ್ (ಕೆಪಾಸಿಟರಿನ ಜೊತೆ ಸೀರೀಸಿನಲ್ಲಿ ಕೂರುವ ಕಾಯಿಲ್) ಸೇರಿಸಿದೆವು. ಇದರಿಂದ ಪ್ರತಿ ಸ್ಟೆಪ್ಪಿನ ಟ್ಯೂನಿಂಗ್ 189 ಹರ್ಟ್ಸ್‌ಗೆ, ಅಂದರೆ 5ನೇ ಹಾರ್ಮೋನಿಕ್ಕಿಗಿಂತ ಕೆಳಕ್ಕೆ ಇಳಿಯುತ್ತದೆ. ರಿಯಾಕ್ಟರ್ ಇದ್ದಾಗ ಕೆಪಾಸಿಟರಿನ ಮೇಲಿನ ವೋಲ್ಟೇಜ್ 446ಕ್ಕೆ ಏರುವುದರಿಂದ 480 ವೋಲ್ಟಿನವನ್ನೇ ತರಿಸಿದೆವು: 20, 20 ಮತ್ತು 15, ಒಟ್ಟು 55, ನಮ್ಮ ವೋಲ್ಟೇಜಿನಲ್ಲಿ ಸಿಗುವುದು 44.

ನಿನ್ನೆ ಹಗಲು ಪಾಳಿಯಲ್ಲಿ ಕಂಪ್ರೆಸರ್ ಓಡುತ್ತಿದ್ದಾಗ ಪವರ್ ಫ್ಯಾಕ್ಟರ್ 0.95, ಕರೆಂಟ್ 103 ಆಂಪಿಯರ್ ಇತ್ತು. ಪ್ಯಾನೆಲ್ಲಿನಿಂದ ಆ ಸದ್ದು ಬರಲಿಲ್ಲ.