ಎಣ್ಣೆನೀರು: ನಾಲ್ಕು ಭಾನುವಾರದ ಲೆಕ್ಕ

ಮೊದಲ ವಾರ ಬರೀ ಹರಳೆಣ್ಣೆ, ಅರ್ಧ ಬಟ್ಟಲು. ಹಚ್ಚುವಾಗ ಹಾಯಾಗಿತ್ತು, ಬಿಡಿಸುವಾಗ ಗೊತ್ತಾಯಿತು. ಮೂರು ಸಲ ಶಾಂಪೂ ಹಾಕಿದರೂ ಕೂದಲು ಹಗ್ಗದ ಹಾಗೇ ಇತ್ತು. ನಮ್ಮದು ಬೋರ್‌ವೆಲ್ ನೀರು ಬೇರೆ, ಮೈಗೆ ಸೋಪು ಹಚ್ಚಿದರೆ ನೊರೆಗಿಂತ ಬಿಳಿ ಕೆನೆಯೇ ಜಾಸ್ತಿ. ಸೋಮವಾರ ಆಫೀಸಿಗೆ ತುರುಬು ಕಟ್ಟಿಕೊಂಡೇ ಹೋದೆ.

ಅಮ್ಮನಿಗೆ ಫೋನ್ ಮಾಡಿದರೆ, "ಭಾನುವಾರ ಯಾರಾದ್ರೂ ಎಣ್ಣೆನೀರು ಹಾಕ್ಕೋತಾರೇನೇ? ಹೆಂಗಸರಿಗೆ ಮಂಗಳವಾರ, ಶುಕ್ರವಾರ" ಅಂತ ಶುರು. ಶುಕ್ರವಾರ ನನಗೆ ರಜೆ ಕೊಡೋರು ಯಾರು? ಕೊನೆಗೆ ಕೆಲಸದ ಮಾತು ಬಂತು: ಒಂದು ಪಾಲು ಹರಳೆಣ್ಣೆಗೆ ಮೂರು ಪಾಲು ಕೊಬ್ಬರಿ ಎಣ್ಣೆ, ಬಟ್ಟಲನ್ನು ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡ್ಕೋ, ಶಾಂಪೂ ಬಿಟ್ಟು ಸೀಗೆಪುಡಿ ಹಾಕು.

ಎರಡನೇ ವಾರ ಪೂರ್ತಿ ಪುಡಿಯದ್ದೇ ಕಥೆ. 500 ಗ್ರಾಂ ಸೀಗೆಕಾಯಿ, 100 ಗ್ರಾಂ ಮೆಂತ್ಯ, ಬೀಜ ತೆಗೆದ ಅಂಟುವಾಳ ಒಂದು ಹಿಡಿ, ತಾರಸಿಯಲ್ಲಿ ಮೂರು ದಿನ ಬಿಸಿಲು. ಹಿಟ್ಟಿನ ಗಿರಣಿಯವರು ಕೈಮುಗಿದರು. ಇದರ ಹಿಂದೆ ರಾಗಿ ಬೀಸಿದರೆ ಯಾರದೋ ಮುದ್ದೆಯಲ್ಲಿ ನೊರೆ ಬರುತ್ತಂತೆ! ಮನೆಯ ಮಿಕ್ಸಿಯೇ ಗತಿ. ನಿಂತ ತಕ್ಷಣ ಮುಚ್ಚಳ ತೆಗೆದೆ ನೋಡಿ, ಎಣಿಸಿ 14 ಸೀನು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿ, ಧೂಳು ಕೂರುವವರೆಗೆ ಹತ್ತು ನಿಮಿಷ ಸುಮ್ಮನಿರಬೇಕು. ಗಂಜಿನೀರಲ್ಲಿ ಕಲಸಿ ಉಜ್ಜಿದರೆ ಜಿಡ್ಡು ಹೋಯಿತು, ಕಣ್ಣು ಮಾತ್ರ ಉರಿದು ಕೆಂಡ. ಮೈಗೂ ಅದನ್ನೇ ಹಚ್ಚಿದೆ, ಬಿಳಿ ಕೆನೆಯ ಕಾಟ ಇರಲಿಲ್ಲ. ಸೀಗೆಯಲ್ಲಿ ನೊರೆ ಬರಿಸುವ ಸಪೋನಿನ್ ಅನ್ನೋ ಅಂಶ ಸೋಪಿನ ಹಾಗೆ ಗಡಸು ನೀರಿನ ಸುಣ್ಣದ ಜೊತೆ ಸೇರಿ ಕೆನೆಗಟ್ಟೋದಿಲ್ಲ.

ಮೂರನೇ ವಾರ ಗ್ರಂಧಿಗೆ ಅಂಗಡಿಯಿಂದ ಚಿಗರೆಪುಡಿ (ತಲೆಗೆ ಹಾಕುವ ಸೊಪ್ಪಿನ ಪುಡಿ) ತಂದು ಸೀಗೆಪುಡಿಗೆ ಅರ್ಧಕ್ಕರ್ಧ ಬೆರೆಸಿದೆ. ಹಸಿರು, ಒಣಸೊಪ್ಪಿನ ವಾಸನೆ, ಉರಿ ಕಮ್ಮಿ. ಆದರೆ ಗಸಿ ಹೋಗಿ ಬಚ್ಚಲ ಜಾಲರಿ ಕಟ್ಟಿಕೊಂಡಿತು. ಇನ್ನು ಬಟ್ಟೆಯಲ್ಲಿ ಸೋಸಿಯೇ ಹಾಕೋದು.

ಈ ವಾರ ತಲೆತುಂಬ ಎಣ್ಣೆ ಹಚ್ಚಿ ಗೀಸರ್ ಹಾಕಲು ಹೋದರೆ ಕರೆಂಟಿಲ್ಲ. ಎಣ್ಣೆ ಬರುವಾಗ ಗಾಣ ಮುರೀತು. ಹಳೇ ಸೀರೆ ಸುತ್ತಿಕೊಂಡು ಬಾಲ್ಕನಿಯಲ್ಲಿ ಕೂತೆ. ಕೈ ಜಿಡ್ಡು, ಫೋನ್ ಮುಟ್ಟುವ ಹಾಗಿಲ್ಲ. ಕಿವಿಯ ಹಿಂದಿನಿಂದ ಒಂದು ಹನಿ ಮೆಲ್ಲಗೆ ಕತ್ತಿಗೆ ಇಳಿಯುವುದು ಗೊತ್ತಾಗುತ್ತಿತ್ತು. ಎರಡು ಗಂಟೆ ಹೋದದ್ದೇ ತಿಳಿಯಲಿಲ್ಲ. ಸ್ನಾನ ಮಾಡಿ, ಬಿಸಿ ಸಾರನ್ನ ಉಂಡು ಮಲಗಿದವಳು ಎದ್ದದ್ದು ನಾಲ್ಕಕ್ಕೆ.

ಡಬ್ಬಿಯಲ್ಲಿ ಪುಡಿ ಇನ್ನೂ ಮುಕ್ಕಾಲಿದೆ. ನಮ್ಮ ಮನೆಯವರು ಧನಿಯಾ ಅಂದುಕೊಂಡು ಹುಳಿಗೆ ಹಾಕುವ ಮೊದಲು ಚೀಟಿ ಅಂಟಿಸಬೇಕು.